ಗೋವಾದ ಹಳ್ಳಿಯಲ್ಲಿ ಮರ ಉಳಿಸಲು ದೂರು ಬರೆಯುವುದು ಹೇಗೆ?

ಫೋಂಡಾ, ಡಿಚೋಲಿ, ಸಾಂಗೆ ಕಡೆಯ ಹಳ್ಳಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಊರಿನ ಹಳೆಯ ಮಾವಿಗೋ ಮತ್ತಿಗೋ ಕೊಡಲಿ ಬೀಳುತ್ತದೆಂಬ ಸುಳಿವು ಸಿಕ್ಕಿದೊಡನೆ ಪಂಚಾಯತಿಗೆ ಓಡುತ್ತಾರೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಗೋವಾ, ದಮಣ್ ಮತ್ತು ದಿಯು ಮರಗಳ ಸಂರಕ್ಷಣಾ ಕಾಯ್ದೆ, 1984ರ ಪ್ರಕಾರ ಕಡಿಯಲು ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷಾಧಿಕಾರಿ (ಟ್ರೀ ಆಫೀಸರ್). ದೂರು ಹೋಗಬೇಕಾದದ್ದು ಅವರಿಗೇ.

ಸ್ವಂತ ಜಮೀನಿನ ಮರವನ್ನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಕಾಂಡದ ವ್ಯಾಸ 5 ಸೆಂ.ಮೀ.ಗೆ ಕಡಿಮೆಯಿಲ್ಲದ, ಕನಿಷ್ಠ 1 ಮೀಟರ್ ಎತ್ತರದ ಗಿಡವೂ ಕಾಯ್ದೆಯ ಕಣ್ಣಿನಲ್ಲಿ ಮರವೇ. ತೆಂಗನ್ನು 2016ರಲ್ಲಿ ಕಾಯ್ದೆಯಿಂದ ಹೊರಗಿಟ್ಟದ್ದನ್ನೇ ಈಗಲೂ ಹೇಳುವವರಿದ್ದಾರೆ. 2017ರಲ್ಲಿ ಅದನ್ನು ಮರಳಿ ಸೇರಿಸಲಾಗಿದೆ.

ಮೊದಲು ಸರ್ವೆ ನಂಬರ್ ಹುಡುಕಿ. ಬಹುತೇಕ ದೂರುಗಳು ಸೋಲುವುದು ಇಲ್ಲಿಯೇ. 'ದೇವಸ್ಥಾನದ ಹಿಂದಿನ ದೊಡ್ಡ ಮರ' ಎಂದು ಬರೆದರೆ ಅರಣ್ಯ ಸಿಬ್ಬಂದಿಗೆ ಅದು ಯಾರ ಜಮೀನಿನ ಯಾವ ಮರವೆಂದು ತಿಳಿಯುವುದಿಲ್ಲ. ಭೂದಾಖಲೆ ಇಲಾಖೆಯಿಂದ ನಮೂನೆ 1 ಮತ್ತು 14 (ಜಮೀನಿನ ಮಾಲೀಕರು, ಬೆಳೆಗಳ ದಾಖಲೆ) ಹಾಗೂ ಸರ್ವೆ ನಕ್ಷೆಯನ್ನು ಪಡೆದು, ಉಪವಿಭಾಗದ ಸಂಖ್ಯೆಯನ್ನೂ ಸೇರಿಸಿ ಬರೆಯಿರಿ, ಏಕೆಂದರೆ ಒಂದೇ ಸರ್ವೆ ನಂಬರಿನಲ್ಲಿ ಹಲವು ಮಾಲೀಕರಿರಬಹುದು ಮತ್ತು ಕೊಮುನಿದಾದ್ (ಊರಿನ ಸಾಮೂಹಿಕ ಒಡೆತನದ) ಜಮೀನು ಖಾಸಗಿ ತೋಟಕ್ಕೆ ಒತ್ತಿಕೊಂಡಿರುವುದೂ ಉಂಟು. ನಕ್ಷೆಯ ಪ್ರತಿಯ ಮೇಲೆ ಮರದ ಜಾಗಕ್ಕೆ ಕೆಂಪು ಚುಕ್ಕಿ ಇಡಿ. ಚಿತ್ರದ ಮೇಲೆ ಅಕ್ಷಾಂಶ ರೇಖಾಂಶ ಮುದ್ರಿಸುವ ಮೊಬೈಲ್ ಆ್ಯಪ್‌ಗಳನ್ನೇ ನಂಬಿ ಕೂರಬೇಡಿ. ದಟ್ಟ ಎಲೆಗಳ ಕೆಳಗೆ ಅವು ಮರವನ್ನು ಪಕ್ಕದವರ ಜಮೀನಿಗೆ ದಾಟಿಸಬಹುದು.

ಮುಂದಿನದು ಸುತ್ತಳತೆ. ಅರಣ್ಯದವರ ವಾಡಿಕೆಯ ಎದೆಯೆತ್ತರ 1.37 ಮೀಟರ್, ಆದರೆ ಕಡಿಯುವ ಅರ್ಜಿಯಲ್ಲಿ ಈ ಕಾಯ್ದೆ ಕೇಳುವುದು 1.85 ಮೀಟರ್ ಎತ್ತರದ ಅಳತೆ. ನೀವೂ ಅದೇ ಎತ್ತರದಲ್ಲಿ ಅಳೆದರೆ ಅರ್ಜಿಯ ಅಳತೆಯನ್ನೂ ನಿಮ್ಮದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಇಳಿಜಾರಿನಲ್ಲಿ ಮೇಲಿನ ಬದಿಗೆ ನಿಂತು, ಸುತ್ತಿದ ಬಳ್ಳಿಯನ್ನು ಸರಿಸಿ, ಟೇಪನ್ನು ಕಾಂಡಕ್ಕೆ ನೇರ ಅಡ್ಡವಾಗಿ ಹಿಡಿಯಿರಿ. ದರ್ಜಿಯ ಟೇಪು ಜಗ್ಗುತ್ತದೆ, ಫೈಬರ್ ಟೇಪನ್ನೇ ಕೊಳ್ಳಿ. ಮರಗಳಿಗೆ ಸಂಖ್ಯೆ ಹಾಕಲು ಮೊಳೆ ಬೇಡ, ಸೀಮೆಸುಣ್ಣ ಸಾಕು. ಒಳಗೆ ಬಿಡದಿದ್ದರೆ ಬೇಲಿ ಹಾರಬೇಡಿ. ಹೊರಗಿನಿಂದ ನೋಡಿ 'ಅಂದಾಜು' ಎಂದು ಬರೆಯಿರಿ.

ದೂರನ್ನು ಕೊಂಕಣಿ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ಒಂದು ಪುಟದೊಳಗೆ ಬರೆಸಿ. ಕಚೇರಿಯ ಹೊರಗೆ ಕೂತು ಎಲ್ಲರಿಗೂ ಒಂದೇ ಒಕ್ಕಣೆ ಟೈಪು ಮಾಡಿಕೊಡುವವರಿಗೆ ಹಣ ಸುರಿಯಬೇಡಿ. ಅವರ ಕಾಗದದಲ್ಲಿ ಆಕ್ರೋಶ ತುಂಬಿರುತ್ತದೆ, ಸರ್ವೆ ನಂಬರ್ ಮಾತ್ರ ಇರುವುದಿಲ್ಲ.

ವೃಕ್ಷಾಧಿಕಾರಿಯ ಹೆಸರಿಗೆ ಬರೆದ ದೂರನ್ನು ವಲಯ ಅರಣ್ಯ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ.

ಕಡಿಯುವ ಅರ್ಜಿಯ ಬಗ್ಗೆ ವೃಕ್ಷಾಧಿಕಾರಿ 60 ದಿನಗಳೊಳಗೆ ತೀರ್ಮಾನಿಸಬೇಕಾದ್ದರಿಂದ ಆಕ್ಷೇಪವನ್ನು ತಡಮಾಡದೆ ಸಲ್ಲಿಸಬೇಕು. ಸತ್ತ, ರೋಗ ತಗುಲಿದ, ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವ ಮರಗಳಿಗೆ ಅನುಮತಿ ನಿರಾಕರಿಸುವುದು ಕಷ್ಟ. 'ರೋಗ' ಎಂಬ ಕಾರಣ ಸುಳ್ಳೆನಿಸಿದರೆ ಹಸಿರೆಲೆ, ಕಾಯಿ, ತೊಗಟೆಗಳ ಹತ್ತಿರದ ಚಿತ್ರಗಳನ್ನು ಲಗತ್ತಿಸಿ.

ಅನುಮತಿ ಸಿಕ್ಕಿದೆಯೆಂದು ಮರ ಕಡಿಸುವವರು ಹೇಳಿದರೆ ಆದೇಶದ ಪ್ರತಿಯನ್ನು ಕಚೇರಿಯಲ್ಲಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಆದೇಶದಲ್ಲಿರುವ ಜಾತಿ ಮತ್ತು ಸಂಖ್ಯೆಗಳನ್ನು ಜಮೀನಿನಲ್ಲಿ ಉಳಿದ ಬುಡಗಳೊಂದಿಗೆ ತಾಳೆ ನೋಡಿ, ಹೆಚ್ಚು ಮರ ಹೋಗಿದ್ದರೆ ಬುಡಗಳನ್ನು ಮಣ್ಣು ಮುಚ್ಚುವ ಮೊದಲೇ ಟೇಪು ಹಿಡಿದು ಚಿತ್ರ ತೆಗೆದು, ಮೊದಲ ದೂರಿನ ಮೊಹರಿನ ಪ್ರತಿಯೊಂದಿಗೆ ಎರಡನೆಯದನ್ನು ಕೊಡಿ.