ಅಡುಗೆ ಕಟ್ಟೆಯ ಮೇಲೆ ನೆರಳು ಬೀಳದಂತೆ ದೀಪ ಹಾಕಿಸುವುದು ಹೇಗೆ?

ಸಂಜೆ ಏಳು ಗಂಟೆಗೆ ಅಡುಗೆಮನೆಯ ದೀಪ ಹಾಕಿ, ಕಟ್ಟೆಯ ಮೇಲೆ ತಟ್ಟೆಯಲ್ಲಿ ಅಕ್ಕಿ ಹರವಿ, ಕಲ್ಲು ಆರಿಸಲು ನಿಂತು ನೋಡಿ. ನಿಮ್ಮ ತಲೆಯ ನೆರಳು ತಟ್ಟೆಯ ಮೇಲೆ ಬಿದ್ದರೆ ದೀಪ ಇರುವ ಜಾಗವೇ ಸರಿಯಿಲ್ಲ. ಅದೇ ಜಾಗಕ್ಕೆ 20 ವ್ಯಾಟ್ ಬದಲು 40 ವ್ಯಾಟ್ ಹಾಕಿಸಿದರೂ ನೆರಳು ಹೋಗುವುದಿಲ್ಲ. ಮೈಸೂರು, ಮಂಡ್ಯದ 30×40 ಸೈಟಿನ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣಬಹುದು: ಟ್ಯೂಬ್‌ಲೈಟು ಬಾಗಿಲ ಮೇಲೋ ಚಾವಣಿಯ ನಡುವೆಯೋ, ಕಟ್ಟೆ ಎದುರು ಗೋಡೆಗೆ, ಅಡುಗೆ ಮಾಡುವವರು ಎರಡರ ಮಧ್ಯೆ.

ಹಾಗಾಗಿ ಮೊದಲು ಕಟ್ಟೆಯ ದೀಪ ಗೊತ್ತುಮಾಡಿ, ಚಾವಣಿಯದು ಆಮೇಲೆ.

ಕಟ್ಟೆಯ ಮೇಲೆ ಏಳು ಅಡಿ ಎತ್ತರದಲ್ಲಿ ಕಾಂಕ್ರೀಟಿನ ಅಟ್ಟ ಮಾತ್ರ ಇದ್ದರೆ ಕೆಲಸ ಸುಲಭ, ಖರ್ಚೂ ಕಡಿಮೆ. ನಾಲ್ಕು ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಉದ್ದ ದೀಪ) ಒಂದನ್ನು ಅಟ್ಟದ ತಳಕ್ಕೆ, ಮುಂದಿನ ಅಂಚಿನಿಂದ ನಾಲ್ಕು ಇಂಚು ಒಳಗೆ ಕೂರಿಸಿ. ಅಂಚಿಗೆ ಎರಡಿಂಚಿನ ಪಟ್ಟಿ ಹೊಡೆಸಿದರೆ ಕಣ್ಣು ಕುಕ್ಕುವುದಿಲ್ಲ. ಅಟ್ಟವೂ ಇಲ್ಲದಿದ್ದರೆ ಚಾವಣಿಯ ದೀಪವನ್ನು ಗೋಡೆಯಿಂದ 18 ರಿಂದ 20 ಇಂಚಿನಲ್ಲಿ, ಅಂದರೆ ಕಟ್ಟೆಯ ನೇರಕ್ಕೆ ಹಾಕಿಸಿ.

ಕಟ್ಟೆಯ ಮೇಲೆ ಮಾಡ್ಯುಲರ್ ಕ್ಯಾಬಿನೆಟ್ ಇದ್ದರೆ ಅದರ ತಳಕ್ಕೆ ಎಲ್‌ಇಡಿ ಸ್ಟ್ರಿಪ್ (ಸಾಲು ದೀಪಗಳ ಅಂಟುಪಟ್ಟಿ) ಬೇಕು, ತಪ್ಪುಗಳೂ ಹೆಚ್ಚಾಗುವುದು ಇಲ್ಲೇ. ಸ್ಟ್ರಿಪ್ಪನ್ನು ಕ್ಯಾಬಿನೆಟ್ಟಿನ ತಳದಲ್ಲಿ ಗೋಡೆಯ ಕಡೆಗೆ ಅಂಟಿಸಿದರೆ ಟೈಲ್ಸು ಥಳಥಳಿಸುತ್ತದೆ, ತರಕಾರಿ ಹೆಚ್ಚುವ ಜಾಗ ಮಬ್ಬಾಗಿಯೇ ಉಳಿಯುತ್ತದೆ. ಮುಂದಿನ ಅಂಚಿನಿಂದ ಎರಡು ಇಂಚು ಒಳಗೆ ಹಾಕಿಸಿ. ಬರಿ ಲ್ಯಾಮಿನೇಟಿಗೆ ಅಂಟಿಸಬೇಡಿ: ಬಿಸಿಗೂ ಒಗ್ಗರಣೆಯ ಎಣ್ಣೆ ಹೊಗೆಗೂ ಅಂಟು ಬಿಟ್ಟು ಕೆಲವೇ ತಿಂಗಳಲ್ಲಿ ಜೋತು ಬೀಳುತ್ತದೆ. ಅಲ್ಯೂಮಿನಿಯಂ ಪ್ರೊಫೈಲೊಳಗೆ ಕೂರಿಸಿ, ಮೇಲೆ ಹಾಲುಬಿಳುಪಿನ ಕವರ್ ಹಾಕಿಸಿ. ಕಪ್ಪು ಗ್ರಾನೈಟಿನ ಕಟ್ಟೆಯಾದರೆ ಕವರ್ ಬೇಕೇ ಬೇಕು. ಇಲ್ಲದಿದ್ದರೆ ಪಾಲಿಶ್ ಮಾಡಿದ ಕಲ್ಲಿನಲ್ಲಿ ಒಂದೊಂದು ಎಲ್‌ಇಡಿಯೂ ಚುಕ್ಕೆ ಚುಕ್ಕೆಯಾಗಿ ಹೊಳೆದು ಕಣ್ಣಿಗೆ ಹಿಂಸೆ. ಸಿಂಕಿನ ಹತ್ತಿರದ ತುಂಡು ಐಪಿ65, ಅಂದರೆ ನೀರು ಸಿಡಿದರೂ ತಡೆಯುವಂಥದು ಇರಲಿ, ಗ್ಯಾಸ್ ಒಲೆಯ ನೇರ ಮೇಲೆ ಸ್ಟ್ರಿಪ್ ಬೇಡ. ಅಲ್ಲಿಗೆ ಚಿಮಣಿಯ ದೀಪ ಸಾಕು.

ಮನೆಯ ಕರೆಂಟನ್ನು ಸ್ಟ್ರಿಪ್ಪಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಡ್ರೈವರಿನ ಲೆಕ್ಕ ಹೀಗೆ: ಮೀಟರಿಗೆ 10 ವ್ಯಾಟಿನ ಸ್ಟ್ರಿಪ್ ಆರು ಅಡಿ, ಅಂದರೆ 1.8 ಮೀಟರ್ ಬೇಕಾದರೆ 18 ವ್ಯಾಟ್. ಕಾಲು ಪಾಲು ಹೆಚ್ಚು ಹಿಡಿದು 12 ವೋಲ್ಟ್, 2 ಆಂಪಿಯರ್ (24 ವ್ಯಾಟ್) ಡ್ರೈವರ್ ತನ್ನಿ. ಸರಿಸಮ ವ್ಯಾಟಿನದು ತಂದರೆ ಕಾದು ಕಾದು ಬೇಗ ಸುಡುತ್ತದೆ. ಅದನ್ನು ಗಾಳಿಯಾಡುವ, ಕೈಗೆ ಸಿಗುವ ಜಾಗದಲ್ಲಿಡಿ. ಸ್ಟ್ರಿಪ್ ಐದು ಮೀಟರಿನಷ್ಟು ಉದ್ದವಾದರೆ 12 ವೋಲ್ಟಿನದು ಕೊನೆಯಲ್ಲಿ ಮಂಕಾಗುತ್ತದೆ. ಆಗ 24 ವೋಲ್ಟಿನದು ಹಾಕಿ ಅಥವಾ ಎರಡೂ ತುದಿಯಿಂದ ಕರೆಂಟು ಕೊಡಿ.

ಚಾವಣಿಗೆ ಓಡಾಡುವಷ್ಟು ಬೆಳಕು ಸಾಕು. ಬಿಳಿ ಗೋಡೆಯ 10×8 ಅಡಿ ಕೋಣೆಗೆ 2000 ಲ್ಯೂಮೆನ್ನಿನ (ಲ್ಯೂಮೆನ್ ಎಂದರೆ ದೀಪ ಕೊಡುವ ಬೆಳಕಿನ ಅಳತೆ) ಒಂದು ಬ್ಯಾಟನ್. ಗಾಢ ಬಣ್ಣದ ಲ್ಯಾಮಿನೇಟ್ ತುಂಬಿದ್ದರೆ ಎರಡು.

ಅಂಗಡಿಯಲ್ಲಿ ಸುಮ್ಮನೆ 'ಬಿಳಿ ಲೈಟು ಕೊಡಿ' ಎಂದರೆ ಸಾಮಾನ್ಯವಾಗಿ 6500 ಕೆಲ್ವಿನ್ನಿನ ನೀಲಿ ಛಾಯೆಯ ಬೆಳಕು ಕೈಗೆ ಬರುತ್ತದೆ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ. 4000 ಕೆಲ್ವಿನ್ ಕೇಳಿ, ಸಿಆರ್‌ಐ 90 ಅಥವಾ ಹೆಚ್ಚಿರಲಿ. ಸಿಆರ್‌ಐ ಎಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬ ಅಳತೆ. ಅದು ಕಡಿಮೆಯಾದರೆ ಮೊದಲು ಸೊರಗುವುದು ಕೆಂಪು: ಸಾರಿನ ಪುಡಿಗೆ ಹುರಿಯುವ ಒಣಮೆಣಸಿನಕಾಯಿ ಗರಿಯಾಗಿ ಹದಕ್ಕೆ ಬಂದಿದ್ದಕ್ಕೂ ಸೀದು ಕರಿಯಾಗುತ್ತಿರುವುದಕ್ಕೂ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ಒಂದೇ ಕೋಣೆಗೆ ಎರಡು ಬಗೆಯ ಬಿಳುಪು ಬೆರೆಸಬೇಡಿ.

ಇವೆಲ್ಲ ಪ್ಲಾಸ್ಟರಿಂಗ್‌ಗೆ ಮೊದಲೇ ತೀರ್ಮಾನವಾಗಬೇಕು. ಟೈಲ್ಸ್ ಕೂತ ಮೇಲೆ ಗೋಡೆ ಕೊರೆಸುವುದು ಸಂಕಟದ ಕೆಲಸ. ಕಟ್ಟೆಯ ದೀಪಕ್ಕೂ ಚಾವಣಿಯ ದೀಪಕ್ಕೂ ಬೇರೆ ಬೇರೆ ಸ್ವಿಚ್ ಇಡಿಸಿ. ಮಿಕ್ಸಿ, ಗ್ರೈಂಡರಿನ ಲೈನಿನಿಂದ ದೀಪಕ್ಕೆ ಎಳೆಯಬೇಡಿ, ಆ ಲೈನಿನ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬಿದ್ದರೆ ದೀಪವೂ ಆರುತ್ತದೆ. ಕಟ್ಟೆಯ ದೀಪವನ್ನು ಯುಪಿಎಸ್ ಲೈನಿಗೆ ಸೇರಿಸಿ. ಒಲೆಯ ಮೇಲೆ ಹಿಟ್ಟು ಕುದಿಯುತ್ತಿದೆ, ಕೋಲು ಹಿಡಿದು ಮುದ್ದೆ ತಿರುವುತ್ತಿದ್ದೀರಿ, ಆಗ ಕರೆಂಟು ಹೋದರೆ ಗಂಟು ಕಾಣದಿರುವುದು ಹಾಗಿರಲಿ, ಕೈ ಸುಡುವ ಅಪಾಯವಿದೆ.

ಹಗಲಿನ ಬೆಳಕನ್ನೂ ಮರೆಯಬೇಡಿ. ಆಗ್ನೇಯದ ಅಡುಗೆಮನೆಗೆ ಪೂರ್ವದ ಕಿಟಕಿ ಇದ್ದರೂ ಪಕ್ಕದ ಗೋಡೆ ಮೂರೇ ಅಡಿ ದೂರವಿದ್ದರೆ ಬಿಸಿಲು ಒಳಗೆ ಬರುವುದು ಕಷ್ಟ. ನಿಮ್ಮ ಕಾಂಪೌಂಡಿನ ಒಳಮೈಗೆ ಬಿಳಿ ಬಣ್ಣ ಹೊಡೆಸಿದರೆ ಅದೇ ಬೆಳಕನ್ನು ಕಿಟಕಿಗೆ ತಿರುಗಿಸುತ್ತದೆ. ಹಳ್ಳಿಯ ಹೆಂಚಿನ ಮನೆಯಾದರೆ ಕಟ್ಟೆಯ ನೇರಕ್ಕೆ ಎರಡು ಗಾಜಿನ ಹೆಂಚು ಹಾಕಿಸಿ. ಸೌದೆ ಒಲೆಯೂ ಇದ್ದರೆ ಅದಕ್ಕೆ ಮಸಿ ಕಟ್ಟುತ್ತದೆ, ಆಗಾಗ ಇಳಿಸಿ ಸೋಪುನೀರಿನಲ್ಲಿ ತೊಳೆಯಿರಿ.