ಉಸಿರು ಎಣಿಸಿ, ಆಮೇಲೆ ರಕ್ತದ ವರದಿ

2021ರ ಬೇಸಿಗೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಕೋವಿಡ್ ವಾರ್ಡ್ ನನ್ನ ಪಾಲಿಗೆ ಬಂತು. ದಾಖಲಾಗಲು ಬಂದವರ ಕೈಯಲ್ಲೆಲ್ಲ ಸಿ.ಟಿ. ಸ್ಕ್ಯಾನ್ ಫಿಲಂ. ಶ್ವಾಸಕೋಶಕ್ಕೆ ಎಷ್ಟು ಹಾನಿಯಾಗಿದೆ ಎಂದು ಸೂಚಿಸುವ ಅದರ ಅಂಕವನ್ನು ‘ಇಪ್ಪತ್ತೈದಕ್ಕೆ ಹದಿಮೂರು ಬಂದಿದೆ ಡಾಕ್ಟರೇ’ ಎಂದು ಪರೀಕ್ಷೆಯ ಅಂಕ ಹೇಳುವಂತೆ ಹೇಳುತ್ತಿದ್ದರು. ನಾನು ಫಿಲಂ ಪಕ್ಕಕ್ಕಿಟ್ಟು ಮೊದಲು ಉಸಿರು ಎಣಿಸುತ್ತಿದ್ದೆ.

ಇದಕ್ಕೊಂದು ಉಪಾಯವಿದೆ. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಆದ್ದರಿಂದ ನಾಡಿ ನೋಡುವವನಂತೆ ಕೈ ಹಿಡಿದು, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಗಮನಿಸಬೇಕು. ಇಪ್ಪತ್ತನಾಲ್ಕು ತಲುಪಿದರೆ ವಾರ್ಡು. ಮೂವತ್ತು ಮುಟ್ಟಿದರೆ ಆಮ್ಲಜನಕ ಕೊಡುತ್ತಲೇ ಜಿಲ್ಲಾಸ್ಪತ್ರೆಗೆ ಫೋನು. ಒಬ್ಬ ರೈತರು ಮಂಚದ ಮೇಲೆ ಕುಳಿತು ಮೊಬೈಲಿನಲ್ಲಿ ಆರಾಮಾಗಿಯೇ ಮಾತನಾಡುತ್ತಿದ್ದರು. ಆದರೆ ಮೂರು ನಾಲ್ಕು ಪದಕ್ಕೊಮ್ಮೆ ಮಾತು ತುಂಡಾಗುತ್ತಿತ್ತು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಮ್ಲಜನಕ ಶೇ. 84. ‘ದಮ್ಮೇನೂ ಇಲ್ಲ’ ಎಂದೇ ಅವರ ವಾದ! ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆ ಯಂತ್ರ ತಪ್ಪು ಹೇಳಬಹುದು. ಬೆರಳು ಬದಲಿಸಿ, ಉಜ್ಜಿ ಬೆಚ್ಚಗಾಗಿಸಿ ಮತ್ತೆ ನೋಡುತ್ತಿದ್ದೆ.

ರಕ್ತದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎಲ್ಲಕ್ಕಿಂತ ಅಗ್ಗದ ಸಿ.ಬಿ.ಸಿ., ಅಂದರೆ ರಕ್ತಕಣಗಳ ಎಣಿಕೆ. ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಏರುತ್ತವೆ. ವೈರಸ್‌ನದರಲ್ಲಿ ಬಹಳ ಸಲ ಒಟ್ಟು ಸಂಖ್ಯೆ ಸರಿಯಾಗಿಯೇ ಇರುತ್ತದೆ ಅಥವಾ ಇಳಿದಿರುತ್ತದೆ. ಕೋವಿಡ್‌ನಲ್ಲಂತೂ ಕುಸಿಯುವುದು ಲಿಂಫೋಸೈಟ್ ಎಂಬ ಬಗೆಯ ಬಿಳಿ ಕಣ. ಶೇಕಡಾವಾರು ನೋಡಿ ಸುಮ್ಮನಾಗಬಾರದು, ಗುಣಿಸಬೇಕು: ಒಟ್ಟು ಬಿಳಿ ಕಣ 5,200, ಲಿಂಫೋಸೈಟ್ ಶೇ. 12 ಎಂದರೆ ಸಿಗುವುದು 624. ಸಾವಿರದ ಕೆಳಗೆ ಬಂದವರ ಹಾಸಿಗೆಯನ್ನು ದಾದಿಯರ ಮೇಜಿನ ಹತ್ತಿರಕ್ಕೆ ಹಾಕಿಸುತ್ತಿದ್ದೆ. ದೇಹದ ಉರಿಯೂತ ತೋರಿಸುವ ಸಿ.ಆರ್.ಪಿ. ದಿನ ಬಿಟ್ಟು ದಿನ ಏರುತ್ತಿದ್ದರೆ ಇನ್ನಷ್ಟು ನಿಗಾ. ಡಿ-ಡೈಮರ್, ಫೆರಿಟಿನ್ ಎಂಬ ರಕ್ತಪರೀಕ್ಷೆಗಳ ವರದಿ ಹೊರಗಿನ ಲ್ಯಾಬಿನಿಂದ ಬರಬೇಕಿತ್ತು. ಆ ವರದಿ ಕೈಸೇರುವ ಹೊತ್ತಿಗೆ ನಿರ್ಧಾರ ಆಗಿಹೋಗಿರುತ್ತಿತ್ತು.

ಕಿರಿಯ ವೈದ್ಯರು ಎಡವುತ್ತಿದ್ದ ಜಾಗ ಒಂದಿತ್ತು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಶುರುವಾದ ಮೇಲೆ ಬಿಳಿ ಕಣ 14,000ಕ್ಕೆ ಜಿಗಿದರೆ ತಕ್ಷಣ ದುಬಾರಿ ಆ್ಯಂಟಿಬಯೋಟಿಕ್ ಬರೆಯುವುದು. ಸ್ಟೀರಾಯ್ಡ್ ಒಂದೇ ಸಾಕು, ಆ ಸಂಖ್ಯೆ ಏರುವುದಕ್ಕೆ. ಹೊಸದಾಗಿ ಜ್ವರ ಬಂದಿದೆಯೇ, ಕಫದ ಬಣ್ಣ ಬದಲಾಗಿದೆಯೇ ಎಂದು ಕೇಳಿ ಎನ್ನುತ್ತಿದ್ದೆ. ಸ್ಟೀರಾಯ್ಡ್ ಸಕ್ಕರೆಯನ್ನೂ ಏರಿಸುವುದರಿಂದ ಅದರ ಮಟ್ಟವನ್ನು ಮಾತ್ರ ಮಧುಮೇಹ ಇಲ್ಲದವರಲ್ಲೂ ತಪ್ಪದೆ ನೋಡಿಸುತ್ತಿದ್ದೆ.

ಈಗ ಮಳೆಗಾಲದಲ್ಲಿ ಎಚ್‌1ಎನ್‌1 ಫ್ಲೂ ಜೊತೆಗೆ ಡೆಂಗಿಯೂ ಬರುತ್ತದೆ. ಡೆಂಗಿಯಲ್ಲೂ ಬಿಳಿ ಕಣ ಇಳಿಯುವುದರಿಂದ ಸಿ.ಬಿ.ಸಿ. ಒಂದನ್ನೇ ನಂಬುವುದಿಲ್ಲ. ಕೆಮ್ಮು, ಏರಿದ ಉಸಿರು ಇದ್ದು ಫ್ಲೂ ಅನುಮಾನ ಬಂದರೆ ಗಂಟಲ ದ್ರವದ ವರದಿಗೆ ಕಾಯದೆ ಫ್ಲೂ ವೈರಸ್ ವಿರುದ್ಧದ ಔಷಧಿ ಒಸೆಲ್ಟಾಮಿವಿರ್ ಶುರು ಮಾಡುತ್ತೇನೆ. ಮೊದಲ 48 ಗಂಟೆಯೊಳಗೆ ಕೊಟ್ಟಷ್ಟು ಲಾಭ ಆಮೇಲೆ ಸಿಗದು.