ಚಳಿಗಾಲಕ್ಕೆ ಈಜುಕೊಳ ಮುಚ್ಚುವುದು: ಮುಖ್ಯ ಕೆಲಸ ಪೈಪಿನೊಳಗಿದೆ

ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಮನೆಯ ಈಜುಕೊಳ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕೊಳದಲ್ಲಿ ಹಿಗ್ಗಲು ಜಾಗವಿದೆ, ಪೈಪು, ಪಂಪು, ಫಿಲ್ಟರ್‌ಗಳಲ್ಲಿ ಇಲ್ಲ. ಒಡೆಯುವುದು ಅಲ್ಲೇ.

ನೀರಿನ ತಾಪಮಾನ 15 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ನಾನು ಮುಚ್ಚುವುದಿಲ್ಲ. ಆತುರಪಟ್ಟರೆ ಹೊದಿಕೆಯಡಿ ಪಾಚಿ ಬೆಳೆಯುತ್ತದೆ. ಮೊದಲು ಎಲೆ ತೆಗೆದು, ಗೋಡೆ ಉಜ್ಜಿ, ತಳ ವ್ಯಾಕ್ಯೂಮ್ ಮಾಡುತ್ತೇನೆ. ಪಿಎಚ್ 7.4ರ ಆಸುಪಾಸು, ಕ್ಷಾರೀಯತೆ 80ರಿಂದ 120 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇರಲಿ. ಗಾರೆಯ ಕೊಳವಾದರೆ ಕ್ಯಾಲ್ಸಿಯಂ ಗಡಸುತನ 200 ಪಿಪಿಎಂಗಿಂತ ಕಡಿಮೆ ಇರಲೇಬಾರದು. ನೀರು ತಣ್ಣಗಾದಷ್ಟೂ ಗಾರೆಯಲ್ಲಿನ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ, ಮೇಲ್ಮೈ ತರಿತರಿಯಾಗುತ್ತದೆ.

ಮುಚ್ಚುವ ಮುನ್ನ ಪಾಚಿ, ರೋಗಾಣು ಸಾಯುವಂತೆ ಕ್ಲೋರಿನ್ ಏರಿಸಬೇಕು. 50,000 ಲೀಟರ್ ಕೊಳಕ್ಕೆ 10 ಪಿಪಿಎಂ ಕ್ಲೋರಿನ್ ಏರಿಸಲು ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 770 ಗ್ರಾಂ ಬೇಕು. ಬಕೆಟ್ಟಿನ ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಪಂಪು ಓಡುತ್ತಿರುವಾಗಲೇ ಬೆರೆಸಿ, ಕ್ಲೋರಿನ್ 3 ಪಿಪಿಎಂಗೆ ಇಳಿದ ಮೇಲೆ ಪಾಚಿನಾಶಕ ಹಾಕುತ್ತೇನೆ.

ಫಿಲ್ಟರ್ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ಆದ ಮೇಲೆ ನೀರನ್ನು ಸ್ಕಿಮ್ಮರ್ (ತೇಲುವ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಗಿಂತ 10–15 ಸೆಂ.ಮೀ. ಕೆಳಗೆ ಇಳಿಸುತ್ತೇನೆ. ಕೊಳವನ್ನು ಪೂರ್ತಿ ಬರಿದು ಮಾಡುವ ಯೋಚನೆ ಬೇಡವೇ ಬೇಡ. ಒಳಗೆ ಭಾರವಿಲ್ಲದಿದ್ದರೆ ನೆಲದಡಿಯ ಅಂತರ್ಜಲ ಇಡೀ ಕೊಳವನ್ನೇ ಮೇಲಕ್ಕೆತ್ತಬಲ್ಲದು.

ಇನ್ನು ಪೈಪು. ಒಳಗಿನ ನೀರನ್ನೆಲ್ಲ ಗಾಳಿ ಊದಿ ಹೊರಹಾಕಬೇಕು. ಮೊದಲು ಪಂಪಿನ ಬ್ರೇಕರ್ ಆಫ್. ಇಲ್ಲಿಗೆ ಬೇಕಾದದ್ದು ಹೆಚ್ಚು ಗಾಳಿ, ಕಡಿಮೆ ಒತ್ತಡ. ಕಂಪ್ರೆಸರ್ ಒತ್ತಡ ಏರಿಸಿದರೆ ನೆಲದಡಿಯ ಜಾಯಿಂಟ್ ಬಿಟ್ಟುಕೊಳ್ಳಬಹುದು, ಆದ್ದರಿಂದ ಊದುವ ಸೌಲಭ್ಯವಿರುವ ದೊಡ್ಡ ವ್ಯಾಕ್ಯೂಮ್ ಕ್ಲೀನರೇ ನನಗೆ ಇಷ್ಟ. ಪಂಪಿನ ಕಡೆಯಿಂದ ಊದಿದಾಗ ಹತ್ತಿರದ ರಿಟರ್ನ್ ಬಾಯಲ್ಲಿ (ಶೋಧಿಸಿದ ನೀರು ಕೊಳಕ್ಕೆ ಮರಳುವ ಕಿಂಡಿ) ಮೊದಲು ಗುಳ್ಳೆ ಏಳುತ್ತದೆ. ಗುಳ್ಳೆ ಜೋರಾಗಿ, ಎಡೆಬಿಡದೆ ಬರುತ್ತಿರುವಾಗಲೇ ನೀರೊಳಗೆ ಕೈ ಹಾಕಿ ರಬ್ಬರ್ ಪ್ಲಗ್ ತಿರುಗಿಸಿ ಬಿಗಿ ಮಾಡಬೇಕು. ಆಗ ಗಾಳಿ ಮುಂದಿನ ಬಾಯಿಗೆ ನುಗ್ಗುತ್ತದೆ. ಊದುವುದು ನಿಲ್ಲಿಸಿ ಪ್ಲಗ್ ಹಾಕಿದರೆ ಕೊಳದ ನೀರು ಅಷ್ಟರಲ್ಲಿ ಪೈಪಿಗೆ ವಾಪಸ್ ಬಂದಿರುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ತಳದ ಮೈನ್ ಡ್ರೈನ್‌ಗೆ ಪ್ಲಗ್ ಹಾಕಲಾಗದು. ಆಳದಿಂದ ದೊಡ್ಡ ಗುಳ್ಳೆ ಎದ್ದಾಗ, ಗಾಳಿ ಹರಿಯುತ್ತಿರುವಂತೆಯೇ ಆ ಪೈಪಿನ ವಾಲ್ವ್ ಮುಚ್ಚಿ. ಒಳಗೆ ಸಿಕ್ಕಿಬಿದ್ದ ಗಾಳಿಯೇ ನೀರನ್ನು ತಡೆಯುತ್ತದೆ. ಸ್ಕಿಮ್ಮರ್ ಪೈಪನ್ನೂ ಊದಿ, ಪ್ಲಗ್ ಹಾಕಿ, ಅದರ ಮೇಲೆ, ಒಳಗೆ ಸ್ವಲ್ಪ ಜಲ್ಲಿಕಲ್ಲು ತುಂಬಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿ. ಮಂಜುಗಡ್ಡೆ ಒತ್ತಿದರೆ ಬಾಟಲಿ ಕುಗ್ಗುತ್ತದೆ, ಸ್ಕಿಮ್ಮರ್ ಉಳಿಯುತ್ತದೆ. ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೇಕೆನಿಸಿದರೆ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ.

ಪಂಪು, ಫಿಲ್ಟರ್, ಹೀಟರುಗಳ ಡ್ರೈನ್ ಪ್ಲಗ್ ಬಿಚ್ಚಿ, ಆ ಪ್ಲಗ್ಗುಗಳನ್ನೆಲ್ಲ ಪಂಪಿನ ಬುಟ್ಟಿಯಲ್ಲೇ ಇಡಿ, ತೆರೆಯುವ ದಿನ ಹುಡುಕಾಟ ತಪ್ಪುತ್ತದೆ. ಮಲ್ಟಿಪೋರ್ಟ್ (ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ವಾಲ್ವ್) ಹಿಡಿಯನ್ನು ಎರಡು ಗುರುತುಗಳ ನಡುವೆ ನಿಲ್ಲಿಸಿ. ಪ್ರೆಷರ್ ಗೇಜ್ ಮನೆಯೊಳಗೆ ಒಯ್ಯಿರಿ.

ಹೊದಿಕೆಯ ಅಂಚಿಗಿಡುವ ನೀರಿನ ಚೀಲ ಮುಕ್ಕಾಲು ಭಾಗ ಮಾತ್ರ ತುಂಬಿರಲಿ, ಪೂರ್ತಿ ತುಂಬಿದರೆ ಸೀಳುತ್ತದೆ. ಟಾರ್ಪಾಲಿನ್‌ನಂಥ ಹೊದಿಕೆ ಮೇಲೆ ಮಳೆ, ಹಿಮದ ನೀರು ನಿಂತರೆ ಸಣ್ಣ ಪಂಪಿನಿಂದ ಕೂಡಲೇ ತೆಗೆಯಿರಿ. ಅಷ್ಟು ನೀರಲ್ಲೂ ಮಗು ಮುಳುಗಬಹುದು. ಕೊಳ ಮುಚ್ಚಿದೆಯೆಂದು ಬೇಲಿಯ ಬೀಗ ತೆರೆದಿಡಬೇಡಿ.